ಮಕ್ಕಳ ಹರ್ಷವೂ ಕ್ರೈಸ್ತ ಆರಾಧನೆಯೂ: ಉತ್ತರ ಕನ್ನಡದ ಸಿದ್ದಿ ಜನರ ಒಂದು ನಿದರ್ಶನ

ಆರಾಧನೆಯಲ್ಲಿ ಹರ್ಷವನ್ನು ವ್ಯಕ್ತಪಡಿಸುವ ಬಗೆಯನ್ನು ಮಕ್ಕಳಿಗೆ ಕಲಿಸುವುದು ಮೇಲುನೋಟಕ್ಕೆ ಬೋಧನಕ್ರಮಕ್ಕೆ ಸೇರಿದ ವಿಷಯವೆಂದು ತೋರುತ್ತದೆ. ಆದರೆ ಯಾವ ಹಾಡು, ಯಾವ ವಾದ್ಯ, ಯಾವ ಅಂಗವಿನ್ಯಾಸ ದೇವರ ಸನ್ನಿಧಿಗೆ ಯೋಗ್ಯವೆಂದು ನಿರ್ಣಯಿಸಿದವರು ಯಾರು ಎಂದು ಕೇಳಿದೊಡನೆ ಅದು ಇತಿಹಾಸದ ಪ್ರಶ್ನೆಯಾಗುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನರ ನಿದರ್ಶನವು ಈ ವಿಚಾರಕ್ಕೆ ಬಹಳ ಉಪಯುಕ್ತವಾಗಿದೆ.

ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು; ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಸಹ್ಯಾದ್ರಿಯ ಕಾಡುಗಳನ್ನು ಆಶ್ರಯಿಸಿದರು. ಇಂದು ಯಲ್ಲಾಪುರ, ಹಳಿಯಾಳಗಳ ಕಡೆ ಕ್ರೈಸ್ತ ಸಿದ್ದಿಗಳನ್ನೂ, ಯಲ್ಲಾಪುರ, ಶಿರಸಿಗಳ ಕಡೆ ಹಿಂದೂ ಸಿದ್ದಿಗಳನ್ನೂ ಕಾಣುತ್ತೇವೆ. ಮುಸ್ಲಿಂ ಸಿದ್ದಿಗಳೂ ಇದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳಲ್ಲಿ ಸೇರಿಸಲಾಯಿತು.

ಕ್ರೈಸ್ತ ಸಿದ್ದಿಗಳಿಗೆ ಮತವು ಬಂದದ್ದು ಗೋವೆಯ ಪರಂಪರೆಯ ಮೂಲಕ. ಆ ಪರಂಪರೆಗೆ ಎರಡು ಮುಖಗಳುಂಟು. ಗೋವೆಯಲ್ಲಿ ಇಗರ್ಜಿಗೆ ಸೇರಿದ ಶಾಲೆಗಳು ಮಕ್ಕಳಿಗೆ ಧರ್ಮೋಪದೇಶದ ಜೊತೆಯಲ್ಲಿಯೇ ಗಾಯನವನ್ನೂ ಸ್ವರಲಿಪಿಯನ್ನೂ ಕಲಿಸುತ್ತಿದ್ದುವು. ಗೋವೆಯ ಕ್ರೈಸ್ತರ ಸಂಗೀತಪ್ರೌಢಿಮೆಗೆ ಇದೇ ತಳಹದಿ. ಇನ್ನೊಂದು ಕಡೆ, 1560ರಲ್ಲಿ ಅಲ್ಲಿ ಸ್ಥಾಪಿತವಾದ ಮತವಿಚಾರಣಾ ನ್ಯಾಯಾಲಯವು 1736ರ ಆಜ್ಞೆಯಲ್ಲಿ ದೇಶೀಯ ಕ್ರೈಸ್ತರ ಮದುವೆಯ ಹಾಡುಗಳನ್ನೂ ವಾದ್ಯಗಳನ್ನೂ ನಿಷೇಧಿಸಿತು. ಒಂದು ಕೈ ಮಕ್ಕಳಿಗೆ ಯುರೋಪಿನ ರಾಗವನ್ನು ಕೊಟ್ಟಿತು, ಇನ್ನೊಂದು ಕೈ ಮನೆಯ ಹಾಡನ್ನು ಕಿತ್ತುಕೊಂಡಿತು. ಹರ್ಷಕ್ಕೆ ಅನುಮತಿಯಿತ್ತು, ಆದರೆ ಅದರ ರೂಪವನ್ನು ಆಯ್ದುಕೊಳ್ಳುವ ಅಧಿಕಾರ ಜನರಿಗಿರಲಿಲ್ಲ.

ಸಿದ್ದಿಗಳು ಕಾಡಿನಲ್ಲಿ ಉಳಿಸಿಕೊಂಡ ಸಂಪತ್ತುಗಳಲ್ಲಿ ಡಮಾಮ್ ಮುಖ್ಯವಾದದ್ದು. ಮರದ ಪೊಳ್ಳಿಗೆ ತೊಗಲು ಬಿಗಿದು ಮಾಡಿದ ಈ ವಾದ್ಯದ ಹೆಸರೇ ಅದರೊಡನೆ ಹಾಡಿ ಕುಣಿಯುವ ಕುಣಿತಕ್ಕೂ ಬಂದಿದೆ. ಹಿಂದೂ ಸಿದ್ದಿಗಳೂ ಕ್ರೈಸ್ತ ಸಿದ್ದಿಗಳೂ ಇದನ್ನು ತಮ್ಮದೆಂದೇ ಭಾವಿಸುತ್ತಾರೆಂಬುದು ಗಮನಾರ್ಹ. ಮತಭೇದಗಳ ಕೆಳಗೆ ಅಡಗಿರುವ ಜನಾಂಗದ ಏಕತೆಯನ್ನು ಅದು ಸೂಚಿಸುತ್ತದೆ. ಅದನ್ನು ಕಲಿಸಲು ಪಠ್ಯಪುಸ್ತಕವಿಲ್ಲ. ಹಿರಿಯರ ನಡುವೆ ನಿಂತು, ನೋಡಿ, ಕೇಳಿ, ಹೆಜ್ಜೆ ಹಾಕಿ ಕಲಿಯತಕ್ಕ ವಿದ್ಯೆಯದು.

ಚರ್ಚಿನ ನಿಲುವು ಇಪ್ಪತ್ತನೆಯ ಶತಮಾನದಲ್ಲಿ ಬದಲಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾವಿಧಿಯ ಶಾಸನದ 119ನೆಯ ಪರಿಚ್ಛೇದವು, ಸ್ವಂತ ಸಂಗೀತ ಪರಂಪರೆಯುಳ್ಳ ಜನಗಳ ಸಂಗೀತಕ್ಕೆ ತಕ್ಕ ಮನ್ನಣೆ ದೊರೆಯಬೇಕೆಂದೂ, ಶಾಲೆಗಳಲ್ಲಿಯೂ ಪೂಜೆಯಲ್ಲಿಯೂ ಅದನ್ನು ಸಾಧ್ಯವಾದಷ್ಟು ಬೆಳೆಸಬೇಕೆಂದೂ ವಿಧಿಸಿತು. ಮಕ್ಕಳ ಬಲಿಪೂಜೆಯನ್ನು ಕುರಿತು 1973ರಲ್ಲಿ ರೋಮಿನಿಂದ ಬಂದ ಮಾರ್ಗದರ್ಶಿಯು ಇನ್ನೂ ಮುಂದೆ ಹೋಗಿ, ಮಕ್ಕಳೇ ವಾದ್ಯ ನುಡಿಸುವುದು ಪ್ರಯೋಜನಕರವೆಂದಿತು. ಆರಾಧನೆಯು ಇಡೀ ಮನುಷ್ಯನ ಕ್ರಿಯೆಯಾದ್ದರಿಂದ ಅಂಗಚಲನೆಗೂ ಅದರಲ್ಲಿ ಸ್ಥಾನವುಂಟೆಂದಿತು. ವಾದ್ಯಘೋಷದಲ್ಲಿ ಹಾಡು ಮುಳುಗಬಾರದೆಂಬ ಎಚ್ಚರಿಕೆಯೂ ಅದರಲ್ಲಿದೆ.

ಭಾರತದಲ್ಲಿ ಈ ಬದಲಾವಣೆಗೆ ಬೆಂಗಳೂರು ಕೇಂದ್ರವಾಯಿತು. 1967ರಲ್ಲಿ ಅಮಲೋರ್ಪವದಾಸರ ನೇತೃತ್ವದಲ್ಲಿ ಅಲ್ಲಿ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪಿತವಾಯಿತು. 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕುಳಿತು ಪೂಜಿಸುವುದು, ಅಂಜಲಿ, ಆರತಿ, ಎಣ್ಣೆಯ ದೀಪ ಮುಂತಾದುವು ಸೇರಿದುವು. ಇವು ಸ್ತುತ್ಯವಾದ ಕ್ರಮಗಳೇ. ಆದರೆ ಇವುಗಳಲ್ಲಿ ಹೆಚ್ಚಿನವು ದೇವಸ್ಥಾನದ ಸಂಪ್ರದಾಯದಿಂದ ಬಂದವು. ಕಾಡಿನ ಜನರ ವಾದ್ಯಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ದೇಶೀಯವೆಂದರೆ ಯಾರ ದೇಶೀಯತೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಶತಮಾನಗಳಿಂದ ಈ ನೆಲದಲ್ಲಿ ಬಾಳಿದ ಜನರ ಡಮಾಮ್ ದೇಶೀಯವಲ್ಲವೆನ್ನಲು ಯಾವ ಆಧಾರವೂ ಇಲ್ಲ.

ಹಾಗೆಂದು ಡಮಾಮನ್ನು ಹಬ್ಬದ ದಿನ ಇಗರ್ಜಿಯಲ್ಲಿ ಅಲಂಕಾರವಾಗಿ ಮೆರೆಸಿದರೆ ಸಾಕೆಂದು ಭಾವಿಸುವುದೂ ತಪ್ಪು. ಅದು ಆಜ್ಞೆಯ ಮೂಲಕ ಹರ್ಷವನ್ನು ಕಲಿಸುವ ಹಳೆಯ ಕ್ರಮವೇ ಆದೀತು. ಅದನ್ನು ಎಲ್ಲಿ, ಯಾವಾಗ ನುಡಿಸಬೇಕೆಂದು ಹೇಳತಕ್ಕವರು ಸಿದ್ದಿ ಹಿರಿಯರೇ. ಮಗುವು ಉಪದೇಶದ ತರಗತಿಗೆ ಬರಿಗೈಯಲ್ಲಿ ಬರುವುದಿಲ್ಲ. ಮನೆಯಂಗಳದಲ್ಲಿ ಕಲಿತ ತಾಳವೊಂದನ್ನು ತಂದಿರುತ್ತದೆ. ಆ ತಾಳವನ್ನು ಮೊದಲು ಆಲಿಸುವುದೇ ಉಪದೇಶಕನ ಪ್ರಥಮ ಕರ್ತವ್ಯವೆಂದು ಗೋವೆಯ 1736ರ ಆಜ್ಞೆಯಿಂದ ರೋಮಿನ 1973ರ ಮಾರ್ಗದರ್ಶಿಯವರೆಗಿನ ಇತಿಹಾಸವು ಸೂಚಿಸುತ್ತದೆ.