ಲಾರಿಯ ಹಬ್ ದುರಸ್ತಿ: ಒಂದು ಸಮೀಕ್ಷೆ

ಗಾಲಿಯ ಒಳಮಗ್ಗುಲಲ್ಲಿ ಗ್ರೀಸು ಸೋರಿದ ಕರೆ ಕಂಡೊಡನೆ ಆಯಿಲ್ ಸೀಲ್ ಕೆಟ್ಟಿತೆಂದು ನಿರ್ಣಯಿಸಿ, ಹೊಸದೊಂದನ್ನು ತರಿಸಿ, ಸುತ್ತಿಗೆಯಿಂದ ಬಡಿದು ಕೂರಿಸಿ ಲಾರಿಯನ್ನು ದಾರಿಗೆ ಬಿಡುವುದೇ ಇಂದು ದುರಸ್ತಿಯೆನಿಸಿಕೊಂಡಿದೆ. ಅದೇ ಗಾಲಿ ಕೆಲವೇ ವಾರಗಳಲ್ಲಿ ಮತ್ತೆ ಸೋರಿದಾಗ ಸೀಲು ತಯಾರಿಸಿದವನನ್ನು ದೂಷಿಸುವುದೂ ಆ ಪದ್ಧತಿಯ ಅಂಗವೇ ಆಗಿದೆ. ಕಾರ್ಯವನ್ನೇ ಕಾರಣವೆಂದು ಭ್ರಮಿಸುವ ಈ ದೃಷ್ಟಿ ಬಲಿಯುತ್ತಿರುವುದರಿಂದಲೇ ಈ ವಿದ್ಯೆ ಬೆಳೆದುಬಂದ ಬಗೆಯನ್ನು ಒಮ್ಮೆ ಅವಲೋಕಿಸುವುದು ಅವಶ್ಯವೆನಿಸಿತು.

ಅಚ್ಚಿಗೆ ಕೀಲೆಣ್ಣೆ ಸವರಿ ಕಡಾಣಿ ಜಡಿದು ಸಾಗುತ್ತಿದ್ದ ಎತ್ತಿನ ಬಂಡಿಯ ಕಾಲವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸಾರೋಟುಗಳನ್ನು ಕಟ್ಟುತ್ತಿದ್ದ ಹೆನ್ರಿ ಟಿಮ್ಕೆನ್, ಮೇಲಿನ ಭಾರವನ್ನೂ ತಿರುವಿನಲ್ಲಿ ಗಾಲಿಯನ್ನು ಪಕ್ಕಕ್ಕೆ ನೂಕುವ ಬಲವನ್ನೂ ಏಕಕಾಲದಲ್ಲಿ ಹೊರಬಲ್ಲ ಟೇಪರ್ ರೋಲರ್ ಬೇರಿಂಗಿಗೆ 1898ರಲ್ಲಿ ಪೇಟೆಂಟು ಪಡೆದನು. ತೊಗಲಿನ ಸೀಲುಗಳ ಸ್ಥಾನಕ್ಕೆ ಕಾಲಕ್ರಮದಲ್ಲಿ ಕೃತಕ ರಬ್ಬರಿನವು ಬಂದವು. ನಮ್ಮ ದೇಶದಲ್ಲಿ ಜೈಪುರದ ಬೇರಿಂಗ್ ಕಾರ್ಖಾನೆ 1946ರಲ್ಲಿ ಸ್ಥಾಪಿತವಾಯಿತು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನರ ಸಹಯೋಗದಿಂದ ಲಾರಿಗಳನ್ನು ಹೊರತರತೊಡಗಿತು.

ಗ್ರೀಸಿನ ಇತಿಹಾಸ ಮಾತ್ರ ಇನ್ನಷ್ಟು ಗಮನಕ್ಕೆ ಅರ್ಹವಾದುದು. ಸುಣ್ಣದ ಗ್ರೀಸು ನೀರಿಗೆ ಅಂಜದಿದ್ದರೂ 100 ಡಿಗ್ರಿಯ ಸಮೀಪದಲ್ಲಿ ಕರಗಿ ಹರಿಯುತ್ತಿತ್ತು. ಸೋಡಾ ಗ್ರೀಸು ಶಾಖವನ್ನು ತಾಳಿದರೂ ನೀರಿನೊಡನೆ ಬೆರೆತು ಕೊಚ್ಚಿಹೋಗುತ್ತಿತ್ತು. ಬ್ರೇಕ್ ಡ್ರಮ್ಮಿನ ಕಾವೂ ಆಷಾಢದ ಮಳೆಯೂ ಒಂದೇ ಇಳಿಜಾರಿನಲ್ಲಿ ಎದುರಾಗುವ ಶಿರಾಡಿಯಂತಹ ಘಟ್ಟದಲ್ಲಿ ಇವೆರಡೂ ಅಪೂರ್ಣವೇ. 180 ಡಿಗ್ರಿಯವರೆಗೂ ಕರಗದೆ, ನೀರಿಗೂ ಬಗ್ಗದೆ ನಿಲ್ಲುವ ಲಿಥಿಯಂ ಗ್ರೀಸಿಗೆ ಕ್ಲಾರೆನ್ಸ್ ಅರ್ಲ್ 1942ರಲ್ಲಿ ಪೇಟೆಂಟು ಪಡೆದ ಮೇಲೆಯೇ ಹಬ್ಬಿನ ಆಯುಷ್ಯಕ್ಕೆ ಒಂದು ಭರವಸೆ ದೊರೆಯಿತು. ಆದರೂ ಹಬ್ ತುಂಬ ಗ್ರೀಸು ತುರುಕಿದರೆ ಕ್ಷೇಮವೆಂಬ ನಂಬಿಕೆ ಇನ್ನೂ ಅಳಿದಿಲ್ಲ. ಹಾಗೆ ತುರುಕಿದ ಗ್ರೀಸು ಬಿಸಿಯಾಗಿ ಉಬ್ಬಿ ಸೀಲನ್ನೇ ನೂಕಿಕೊಂಡು ಹೊರಬರುತ್ತದೆ.

ಈ ವಿದ್ಯೆ ನಮ್ಮಲ್ಲಿ ಪ್ರೌಢಾವಸ್ಥೆಗೆ ಬಂದುದು ಸಂಡೂರು, ಹೊಸಪೇಟೆಗಳ ಅದಿರು ಲಾರಿಗಳ ಕಾಲದಲ್ಲಿ, ನಮ್ಮ ತಲೆಮಾರಿನ ಮೇಸ್ತ್ರಿಗಳ ಕೈಯಲ್ಲಿ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡುವವರೆಗೆ, ಕೆಂಧೂಳಿನಲ್ಲಿ ಮಿಂದು, ಅರಬೈಲು ಘಟ್ಟವಿಳಿದು ಬೇಲೇಕೇರಿಯ ಬಂದರಿಗೆ ಹೋಗಿಬರುತ್ತಿದ್ದ ಲಾರಿಗಳ ಹಬ್ಬುಗಳನ್ನು ಬಿಚ್ಚಿ ಜೋಡಿಸಿದವರಿಗೆ ಸೀಲು ಒಂಟಿಯಾಗಿ ಕೆಡುವುದಿಲ್ಲವೆಂಬುದು ಅನುಭವದಿಂದ ಸಿದ್ಧವಾಗಿತ್ತು. ಬೇರಿಂಗು ಸಡಿಲವಾದರೆ ಹಬ್ಬು ಓಲಾಡುತ್ತದೆ. ಓಲಾಡಿದಾಗ ಸೀಲಿನ ತುಟಿ ಒಂದು ಕಡೆ ಬಾಯ್ದೆರೆದು ಇನ್ನೊಂದು ಕಡೆ ಅರೆಯಲ್ಪಡುತ್ತದೆ. ತೆರೆದ ಬಾಯಿಂದ ಧೂಳು ಒಳಹೊಕ್ಕರೆ, ಗ್ರೀಸು ಹೊರಬಂದು ಲೈನರನ್ನು ನೆನೆಸಿ ಬ್ರೇಕನ್ನು ಕೊಲ್ಲುತ್ತದೆ. ಆದುದರಿಂದಲೇ ಆ ಮೇಸ್ತ್ರಿಗಳು ಮೊದಲು ಗಾಲಿಯನ್ನು ಜಾಕಿನ ಮೇಲೆತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ಪ್ಲೇ ನೋಡುತ್ತಿದ್ದರು. ಬಿಚ್ಚಿದ ಬಳಿಕ ರೋಲರುಗಳನ್ನು ಡೀಸೆಲಿನಲ್ಲಿ ತೊಳೆದು ಬೆಳಕಿಗೆ ಹಿಡಿಯುತ್ತಿದ್ದರು. ನೀಲಿ ಬಣ್ಣ ಕಂಡರೆ ಅತಿಬಿಗಿ ಅಥವಾ ಗ್ರೀಸಿನ ಅಭಾವ, ಕಪ್ಪು ತುಕ್ಕಿನ ಗೆರೆ ಕಂಡರೆ ನೀರು, ಚಕ್ಕೆಯೆದ್ದಿದ್ದರೆ ಲೋಹದ ಬಳಲಿಕೆ. ಹಳೆಯ ಕಪ್ಪಿನಲ್ಲಿ ಹೊಸ ಕೋನನ್ನು ಕೂರಿಸುವುದನ್ನು ಅವರು ಅಪರಾಧವೆಂದೇ ಭಾವಿಸಿದ್ದರು. ಸ್ಪಿಂಡಲಿನ ಮೇಲೆ ಸೀಲು ಕೊರೆದ ಗೀರನ್ನು ಉಗುರಿನಿಂದ ತಡವಿ ನೋಡದೆ ಹೊಸ ಸೀಲನ್ನು ಮುಟ್ಟುತ್ತಿರಲಿಲ್ಲ.

ಬೇರಿಂಗನ್ನು ಬಿಗಿಯುವಲ್ಲಿ ಅವರ ಕೈ ಬಲ್ಲ ಹದವನ್ನು ಅಮೆರಿಕದ ಲಾರಿ ಸಂಘದ ತಂತ್ರಮಂಡಳಿ ಅಂಕಿಗಳಲ್ಲಿ ಬರೆದಿರಿಸಿದೆ: ಗಾಲಿಯನ್ನು ತಿರುಗಿಸುತ್ತಲೇ ನಟ್ಟನ್ನು 200 ಪೌಂಡ್-ಅಡಿಗೆ ಬಿಗಿದು, ಒಂದು ಸುತ್ತು ಸಡಿಲಿಸಿ, ಮತ್ತೆ 50ಕ್ಕೆ ಬಿಗಿದು, ಆ ಬಳಿಕ ಆಕ್ಸಲಿಗೂ ಎಳೆಗೂ ತಕ್ಕಷ್ಟು ಹಿಂದಕ್ಕೆ ತಿರುಗಿಸಿ ಲಾಕ್ ಮಾಡಿ, ಡಯಲ್ ಗೇಜಿನಲ್ಲಿ 0.001ರಿಂದ 0.005 ಇಂಚಿನೊಳಗೆ ಪ್ಲೇ ಇದೆಯೆಂದು ನಿಶ್ಚಯಿಸಿಕೊಳ್ಳಬೇಕು. ಕೈಯಿಂದ ಅಲ್ಲಾಡಿಸಿ ಅಳೆಯಲಾಗದ ಸೂಕ್ಷ್ಮವಿದು; ಗೇಜು ಬಂದುದರಿಂದ ಮೇಸ್ತ್ರಿಯ ವಿದ್ಯೆ ಪೂರ್ಣವಾಗುತ್ತದೆಯೇ ಹೊರತು ಅನಗತ್ಯವಾಗುವುದಿಲ್ಲ.

ಈಚೆಗೆ ಕಾರ್ಖಾನೆಯಲ್ಲಿಯೇ ಹೊಂದಿಸಿ ಮುಚ್ಚಿದ ಯೂನಿಟ್ ಹಬ್ಬುಗಳು ಬಂದಿವೆ. ಇನ್ನು ದುರಸ್ತಿಯ ಜ್ಞಾನವೇ ಬೇಡವೆನ್ನುವವರೂ ಬಂದಿದ್ದಾರೆ. ಮುಚ್ಚಿದ ಹಬ್ಬಿಗೂ ನಟ್ಟಿನ ಬಿಗಿಯುಂಟು, ಕಾವುಂಟು, ಸದ್ದುಂಟು; ಅವುಗಳನ್ನು ಗುರುತಿಸುವವನು ಬೇಡವೇ?

ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೊಳಗಾದುದು ಟ್ರೇಲರು. ಮುಂದಿನ ಎಂಜಿನ್ ಗಾಡಿ ಬದಲಾಗುತ್ತಿರುತ್ತದೆ, ಚಾಲಕನೂ ಬದಲಾಗುತ್ತಾನೆ. ಹಿಂದೆ ಬಲು ದೂರದಲ್ಲಿ ಉರುಳುವ ಹಬ್ಬಿನ ಸದ್ದು ಅವನ ಕಿವಿಗೆ ಬೀಳದು, ಕಾವು ಕೈಗೆ ತಾಗದು. ಹಬ್ ಬಿಚ್ಚಿದ ದಿನ, ಹಾಕಿದ ಗ್ರೀಸು, ಅಳೆದ ಪ್ಲೇ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಟ್ರೇಲರಿನ ಕಾಗದಪತ್ರಗಳೊಡನೆ ಇಡುವುದು ಯಾವ ಮಾಲೀಕನಿಗೂ ಹೊರೆಯಲ್ಲ. ನಾನು ಬಲ್ಲ ಗ್ಯಾರೇಜುಗಳಿಗೆ ಬರುವ ಟ್ರೇಲರುಗಳಲ್ಲಿ ಅಂಥ ಪುಟ ಸಿಕ್ಕುವುದು ವಿರಳ.