ಎಳೆದು ತಂದವರು, ಹಿಂದಕ್ಕೆ ಸರಿಸಿದವರು

ಮುಂಬಯಿಯಿಂದ ನಾಶಿಕಕ್ಕೋ ಶಿರಡಿಗೋ ಹೊರಡುವ ನಮ್ಮ ಕನ್ನಡ ಕುಟುಂಬಗಳಿಗೆ ಘೋಟಿ ಅಪರಿಚಿತ ಊರೇನಲ್ಲ. ಕಸಾರಾ ಘಾಟಿಯನ್ನೇರಿ ಇಗತಪುರಿಯನ್ನು ದಾಟಿದ ಮೇಲೆ ಸಿಗುವ ಈ ಊರಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಆಗ್ರಾ ರಸ್ತೆಯಾಗಿ ನಾಶಿಕಕ್ಕೆ ಹೋದರೆ, ಇನ್ನೊಂದು ಸಿನ್ನರ್ ಮಾರ್ಗವಾಗಿ ಶಿರಡಿಗೂ, ಅಲ್ಲಿಂದ ಮುಂದೆ ನಾವು ಔರಂಗಾಬಾದೆಂದು ಕರೆಯುತ್ತಿದ್ದ ಛತ್ರಪತಿ ಸಂಭಾಜಿನಗರಕ್ಕೂ ಸಾಗುತ್ತದೆ. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ 1,646 ಮೀಟರ್ ಎತ್ತರದ ಕಳಸೂಬಾಯಿ ಇಲ್ಲಿಗೆ ದೂರವಲ್ಲ. ಬಸ್ಸು ನಿಂತಾಗ ಇಳಿದು ಚಹಾ ಕುಡಿದು ಮತ್ತೆ ಹತ್ತುವುದಷ್ಟೇ ನಮ್ಮಲ್ಲಿ ಹಲವರಿಗೆ ಈ ಊರಿನೊಡನೆ ಇರುವ ಸಂಬಂಧ.

ನಂದುರಬಾರ್ ಜಿಲ್ಲೆಯ ಸಾರಂಗಖೇಡಾದಲ್ಲಿ ದತ್ತ ಜಯಂತಿಯ ಸಮಯಕ್ಕೆ ಹೆಸರಾದ ಕುದುರೆ ಜಾತ್ರೆ ನೆರೆಯುತ್ತದೆ. ಮುಂಬಯಿ ಕಡೆಯಿಂದ ಅಲ್ಲಿಗೆ ಹೋಗುವವರಿಗೂ ಇದೇ ಹೆದ್ದಾರಿ. ನಮ್ಮ ದೇಶದಲ್ಲಿ ಕುದುರೆಗಳು ಹೆಚ್ಚಾಗಿ ಲಾರಿಯಲ್ಲೇ ಪ್ರಯಾಣ ಮಾಡುತ್ತವೆ. ಪಾಶ್ಚಾತ್ಯ ದೇಶಗಳಲ್ಲಾದರೋ ಕುದುರೆ ಸಾಕಿದವರು ಅದನ್ನು ಒಂದು ಪುಟ್ಟ ಗಾಡಿಯೊಳಗೆ ನಿಲ್ಲಿಸಿ, ಆ ಗಾಡಿಯನ್ನು ತಮ್ಮ ಮೋಟಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುತ್ತಾರೆ. ಅದಕ್ಕೆ ಟ್ರೈಲರ್ ಎಂದು ಹೆಸರು. ಎಳೆಯುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಹಿಂದಕ್ಕೆ ಸರಿಸಿ ಲಾಯದ ಬಾಗಿಲಿಗೆ ನಿಲ್ಲಿಸುವುದಕ್ಕೆ ಮಾತ್ರ ವಾರಗಟ್ಟಲೆ ಬೆವರು ಸುರಿಸಬೇಕು. ಇದು ಮೋಟಾರಿನೊಂದಿಗೆ ಬಂದ ಹೊಸ ತೊಡಕೆಂದು ತಿಳಿಯುವವರುಂಟು. ಘೋಟಿಯ ಈ ಎರಡು ದಾರಿಗಳ ಪೂರ್ವೇತಿಹಾಸವನ್ನು ಕೆದಕಿದರೆ ಹಾಗಲ್ಲವೆಂದು ತಿಳಿಯುತ್ತದೆ. ಮಾತ್ರವಲ್ಲ, ಆ ಇತಿಹಾಸದಲ್ಲಿ ನಮ್ಮ ಕನ್ನಡ ನಾಡಿನ ಪಾಲೂ ಇದೆ.

ತೊಡಕು ಎಲ್ಲಿದೆಯೆಂಬುದನ್ನು ಮೊದಲು ನೋಡೋಣ. ಮೈಸೂರು, ಬೆಂಗಳೂರುಗಳ ಜಟಕಾ ಬಂಡಿ ಎರಡು ಚಕ್ರದ್ದು. ಅದರ ಮರಗಳು ಕುದುರೆಯ ಇಕ್ಕೆಲಗಳಲ್ಲೂ ಚಾಚಿರುವುದರಿಂದ ಕುದುರೆಗೂ ಬಂಡಿಗೂ ಒಂದೇ ಮೈ. ತೊಡೆಯ ಹಿಂದಿನಿಂದ ಬಳಸಿ ಬಂದ ಚರ್ಮದ ಪಟ್ಟಿಯ ಬಲದಿಂದ ಕುದುರೆ ನಾಲ್ಕು ಹೆಜ್ಜೆ ಹಿಂದಿಟ್ಟರೆ ಬಂಡಿಯೂ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ. ಮುಂಬಯಿಯ ಹಳಬರು ಮರೆಯಲಾರದ ವಿಕ್ಟೋರಿಯಾ ಗಾಡಿ ಹಾಗಲ್ಲ. ಅದು ನಾಲ್ಕು ಚಕ್ರದ್ದು, ಮುಂದಿನ ಜೋಡಿ ಬೇರೆಯಾಗಿ ತಿರುಗುವಂಥದು. (2015ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಈ ಗಾಡಿಗಳನ್ನು ನಿಲ್ಲಿಸಬೇಕೆಂದು ತೀರ್ಪಿತ್ತಿತು, ಮೈಸೂರಿನಲ್ಲಿ ಟಾಂಗಾ, ಸಾರೋಟುಗಳು ಇನ್ನೂ ಉಳಿದಿವೆ.) ಎಳೆಯುವುದಕ್ಕೂ ಎಳೆಸಿಕೊಳ್ಳುವುದಕ್ಕೂ ನಡುವೆ ಒಂದು ಕೀಲು ಬಂತೆಂದರೆ ಕಷ್ಟ ಶುರುವಾಯಿತೆಂದೇ ಅರ್ಥ. ಎಳೆದಾಗ ಹಗ್ಗದಂತೆ ನೆಟ್ಟಗೆ ಬಂದದ್ದು ನೂಕಿದಾಗ ಹಗ್ಗದಂತೆಯೇ ಸೊಟ್ಟಗಾಗುತ್ತದೆ.

ಎತ್ತಿನ ವಿಷಯ ಇನ್ನೂ ಬೇರೆ. ನೊಗ ಅದರ ಹೆಗಲ ಮೇಲೆ ಕುಳಿತಿರುತ್ತದೆ, ಮುಂದಕ್ಕೆ ಎಳೆಯಲು ಹಿಣಿಲೇ ಆಧಾರ. ಹಿಂದೆ ಸರಿಯೆಂದರೆ ಅದೇ ನೊಗ ಕೋಡಿನ ಬುಡಕ್ಕೆ ಜಾರುತ್ತದೆ. ಹಿಂದಕ್ಕೆ ನೂಕಲು ಬೇಕಾದ ಪಟ್ಟಿ ಎತ್ತಿನ ಮೈಮೇಲೆ ಇಲ್ಲವೇ ಇಲ್ಲ. ಆದ್ದರಿಂದಲೇ ಹಳ್ಳಿಯಲ್ಲಿ ಹೇರಿದ ಗಾಡಿಯನ್ನು ಹಿಂದೆ ಸರಿಸಬೇಕಾದರೆ ಗಾಡಿಯವನು ಕೆಳಗಿಳಿದು, ಎತ್ತಿನ ಮುಖಕ್ಕೆದುರು ನಿಂತು, ನೊಗಕ್ಕೆ ಕೈಕೊಟ್ಟು ನೂಕುತ್ತಾನೆ. ಅದಕ್ಕೂ ಜಗ್ಗದಿದ್ದರೆ ಎತ್ತು ಬಿಚ್ಚಿ, ಹತ್ತು ಜನ ಸೇರಿ ಚಕ್ರಕ್ಕೆ ಹೆಗಲು ಕೊಡುತ್ತಾರೆ.

ಇಂಥ ಎತ್ತಿನ ಬಲದಿಂದಲೇ ಒಂದು ಕಾಲದಲ್ಲಿ ಫಿರಂಗಿಗಳು ದೇಶ ಸುತ್ತಿದವು. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ರಾಜ್ಯದ ದನಗಳಿಗೆ ಒಂದು ಇಲಾಖೆಯನ್ನೇ ಮಾಡಿ, ಮೇವಿಗಾಗಿ ಕಾವಲುಗಳನ್ನು ಬಿಡಿಸಿದರು. ಹೈದರ್ ಅಲಿ ಆ ದನಗಳನ್ನು ಸೇನೆಗೆ ಹಚ್ಚಿದ. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ಸಾಕುವ ಮತ್ತು ಪಳಗಿಸುವ ಕ್ರಮಕ್ಕೆ ಲಿಖಿತ ನಿಯಮಗಳನ್ನು ಮಾಡಿದ. ಹಳ್ಳಿಕಾರ್ ತಳಿಯೇ ಇದರ ಮೂಲ. ಮೈ ದೊಡ್ಡದಲ್ಲ, ಆದರೆ ಕಾಲು ಚುರುಕು. ಇತರ ಎತ್ತುಗಳು ಕುಸಿದು ಕೂತಲ್ಲಿ ಇವು ನಡೆಯುತ್ತಿದ್ದವು. ಯುದ್ಧದ ವೇಗವೆಂದರೆ ಕುದುರೆಯ ವೇಗವೆಂದು ನಾವು ಚಿತ್ರಗಳಲ್ಲಿ ನೋಡಿ ಕಲಿತಿದ್ದೇವೆ. ನಿಜವಾಗಿ ದಕ್ಷಿಣ ಭಾರತದ ಯುದ್ಧಗಳಲ್ಲಿ ಸೈನ್ಯದ ವೇಗವೆಂದರೆ ಅದರ ಫಿರಂಗಿ ಎಳೆಯುವ ಎತ್ತಿನ ವೇಗವೇ ಆಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ ಮಹಲ್ ದನಗಳು ಇಂಗ್ಲಿಷರ ಕೈಸೇರಿದವು. ಅದರ ಬೆಲೆ ಚೆನ್ನಾಗಿ ಅರಿತವನು ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು. ಮರಾಠರ ಮೇಲಿನ ಯುದ್ಧಕ್ಕಾಗಿ ಅವನ ಸೈನ್ಯ ಹರಿಹರದಲ್ಲಿ ಕೂಡಿ, 1803ರ ಮಾರ್ಚ್ 12ರಂದು ತುಂಗಭದ್ರೆಯನ್ನು ದಾಟಿತು. ದಿವಾನ್ ಪೂರ್ಣಯ್ಯನವರು ಧಾನ್ಯವನ್ನೂ ಮೈಸೂರಿನ ಕುದುರೆ ಸವಾರರನ್ನೂ ಒದಗಿಸಿದರು. ಏಪ್ರಿಲ್ 20ಕ್ಕೆ ಪುಣೆ, ಆಗಸ್ಟ್ 12ಕ್ಕೆ ಅಹಮದನಗರದ ಕೋಟೆ, ಅದೇ ತಿಂಗಳ ಕೊನೆಗೆ ಔರಂಗಾಬಾದು. ಮಳೆಗಾಲದ ಕರಿಮಣ್ಣಿನಲ್ಲಿ, ಬರ ಬಿದ್ದ ಸೀಮೆಯಲ್ಲಿ ಮೈಸೂರಿನ ಎತ್ತುಗಳು ಕಂಚಿನ ಫಿರಂಗಿಗಳನ್ನು ಎಳೆದುಕೊಂಡು ಇಷ್ಟು ದೂರ ಬಂದವು. ದಾರಿಯಲ್ಲಿ ಸತ್ತವುಗಳಿಗೆ ಲೆಕ್ಕವಿಲ್ಲ.

ಸೆಪ್ಟೆಂಬರ್ 23ರಂದು ಔರಂಗಾಬಾದಿನ ಈಶಾನ್ಯಕ್ಕಿರುವ ಅಸಾಯೆ ಗ್ರಾಮದ ಬಳಿ ಯುದ್ಧ. ಶಿಂಧೆ, ಭೋಂಸ್ಲೆಯರ ಕಡೆ ನೂರರಷ್ಟು ಫಿರಂಗಿಗಳು, ಅವುಗಳ ಹಿಂದೆ ನುರಿತ ಗೋಲಂದಾಜರು. ನದಿ ದಾಟಿ ಬಂದ ವೆಲ್ಲೆಸ್ಲಿಯ ಫಿರಂಗಿಗಳು ಹೂಡುವಷ್ಟರಲ್ಲೇ ಎದುರಿನ ಗುಂಡುಗಳಿಗೆ ಎತ್ತುಗಳು ಸಾಲುಸಾಲಾಗಿ ಬಿದ್ದವು, ಜೊತೆಗಿದ್ದ ಜನರೂ ಬಿದ್ದರು. ಆ ಫಿರಂಗಿಗಳನ್ನು ಮುಂದಕ್ಕೆ ತರುವಂತಿಲ್ಲ, ಹಿಂದಕ್ಕೆ ಒಯ್ಯುವಂತಿಲ್ಲ. ಅವನು ಅವುಗಳನ್ನು ಇದ್ದಲ್ಲೇ ಬಿಟ್ಟು ಕಾಲಾಳುಗಳನ್ನು ಬಯೊನೆಟ್ ಹಿಡಿದು ನುಗ್ಗುವಂತೆ ಆಜ್ಞಾಪಿಸಿದ. ಗೆದ್ದನೇನೋ ಹೌದು, ಆದರೆ ಸತ್ತವರೂ ಗಾಯಗೊಂಡವರೂ ಸೇರಿ ಅವನ ಕಡೆಯೇ ಸುಮಾರು 1,600 ಜನ. ಇದರಲ್ಲಿ ಅಧಿಕಾರಿಗಳ ಹೆಸರುಗಳೆಲ್ಲ ದಾಖಲೆಯಲ್ಲಿವೆ. ತುಂಗಭದ್ರೆಯಿಂದ ಎತ್ತುಗಳ ಮಗ್ಗುಲಲ್ಲೇ ನಡೆದು ಬಂದು, ಅವು ಬೆದರಿದಾಗ ಹೆಸರು ಹಿಡಿದು ಕರೆದು ಸಂತೈಸಿದ ಗಾಡಿಯಾಳುಗಳ ಹೆಸರು ಎಲ್ಲಿಯೂ ಸಿಗುವುದಿಲ್ಲ. ಅವರು ಕರೆದದ್ದು ಕನ್ನಡದಲ್ಲೇ ಇದ್ದಿರಬೇಕೆಂದು ನಮಗೆ ತೋರುತ್ತದೆ. ಮೈಸೂರಿನ ಕಾವಲಿನಲ್ಲಿ ಬೆಳೆದ ದನಕ್ಕೆ ಬೇರೆ ಯಾವ ಭಾಷೆ ತಿಳಿದೀತು?

ಮುಂದೆ ಅಮೃತ ಮಹಲ್ ಏನಾಯಿತೆಂಬುದನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಸರಕಾರ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿತು. ಕೆಲವೇ ವರ್ಷಗಳಲ್ಲಿ ಪರಿತಪಿಸಿ ಮತ್ತೆ ತೆರೆಯಿತು. ಇಂದು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ತಳಿಸಂವರ್ಧನ ಕೇಂದ್ರವಿದೆ. ಕಾವಲುಗಳು ಮಾತ್ರ ಕರಗುತ್ತ ಬಂದಿವೆ. ಚಳ್ಳಕೆರೆ ಕಡೆಯ ಸಾವಿರಾರು ಎಕರೆ ಅಮೃತ ಮಹಲ್ ಕಾವಲು ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು; 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕ್ಷೇತ್ರ ಉದ್ಘಾಟನೆಯಾಯಿತು. ಫಿರಂಗಿ ಎಳೆದ ಎತ್ತಿನ ಹುಲ್ಲುಗಾವಲಿನ ಮೇಲೆ ಈಗ ಚಾಲಕನಿಲ್ಲದ ವಿಮಾನ ಹಾರುತ್ತದೆ.

ಘೋಟಿಯ ಇನ್ನೊಂದು ದಾರಿಗೆ, ಅಂದರೆ ಘಾಟಿಯ ದಾರಿಗೆ ಬರೋಣ. ಮುಂಬಯಿಯಿಂದ ಹೊರಟ ರೈಲು 1861ರ ಮೊದಲಿಗೆ ಕಸಾರಾ ಮುಟ್ಟಿತು. ಅಲ್ಲಿಂದ ಇಗತಪುರಿಗೆ ಏರಲು ನಾಲ್ಕು ವರ್ಷ ಬೇಕಾಯಿತು. 1865ರ ಜನವರಿ 1ರಂದು ಥಳ್ ಘಾಟಿಯ ಹಾದಿ ತೆರೆಯಿತು. 37 ಅಡಿ ನಡೆದರೆ 1 ಅಡಿ ಏರು. ಜಿ.ಐ.ಪಿ. ರೈಲ್ವೆಯ ಮುಖ್ಯ ಇಂಜಿನಿಯರ್ ಜೇಮ್ಸ್ ಬರ್ಕ್ಲಿ ಇದರ ಯೋಜಕ. ಪೂರ್ಣವಾದದ್ದನ್ನು ನೋಡದೆ 1862ರಲ್ಲೇ ತೀರಿಕೊಂಡ. ಬೆಟ್ಟದ ಮೂಗಿನ ಮೇಲೆ ರೈಲು ತಿರುಗಲು ಜಾಗವಿರಲಿಲ್ಲ. ಅದಕ್ಕೆ ಅವನು ಕಂಡ ಉಪಾಯವೇ ‘ರಿವರ್ಸಿಂಗ್ ಸ್ಟೇಷನ್’. ರೈಲು ಏರಿ ಬಂದು ಬೆಟ್ಟದ ಅಂಚಿನಲ್ಲಿ ನಿಲ್ಲುವುದು. ಎಂಜಿನ್ನನ್ನು ಈ ತುದಿಯಿಂದ ಬಿಚ್ಚಿ ಆ ತುದಿಗೆ ಕಟ್ಟುವುದು. ಬಾಲವಾಗಿದ್ದದ್ದು ತಲೆಯಾಗಿ ಮೇಲೇರುವುದು. ಪುಣೆಯ ದಾರಿಯ ಬೋರ್ ಘಾಟಿಯಲ್ಲೂ ಇದೇ ಉಪಾಯ. ಹಿಂದಕ್ಕೆ ನೂಕಲಾಗದಿದ್ದರೆ ಹಿಂದೆಂಬುದನ್ನೇ ಮುಂದೆ ಮಾಡು ಎಂಬ ಈ ಬುದ್ಧಿ ನಮಗಂತೂ ಬಹಳ ಹಿಡಿಸುತ್ತದೆ. ಬೆಟ್ಟ ಕಡಿದು ಸುರಂಗ ಕೊರೆದವರು ಜ್ವರ, ಕಾಲರಾಗಳಿಗೆ ತುತ್ತಾಗಿ ಎಷ್ಟೋ ಮಂದಿ ಮಡಿದರು. ಬರ್ಕ್ಲಿಯ ಹೆಸರು ಉಳಿಯಿತು. ಅವರ ಹೆಸರು, ಅಸಾಯೆಯ ಗಾಡಿಯಾಳುಗಳ ಹೆಸರಿನಂತೆಯೇ, ಹೋಯಿತು.

ಹೊಸ ಸುರಂಗಗಳು ಬಂದಂತೆ ಆ ನಿಲ್ದಾಣಗಳು ಬೇಡವಾದವು. 1930ರ ಸುಮಾರಿಗೆ ವಿದ್ಯುತ್ತು ಬಂದು, ಘಾಟಿಗೆಂದೇ ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಎಂಜಿನ್ನುಗಳು ಬಂದವು. ತಿರುವುಗಳಲ್ಲಿ ಬಳುಕಲೆಂದು ಅವುಗಳ ಮೈಗೇ ಕೀಲುಗಳಿದ್ದವು. ಮರಾಠಿ ಜನ ಅವನ್ನು ‘ಖೇಕಡಾ’, ಅಂದರೆ ಏಡಿ ಎಂದು ಕರೆದರು. ಇಂದಿಗೂ ಕಸಾರಾದಲ್ಲಿ ರೈಲು ನಿಂತು, ಹಿಂದಿನಿಂದ ನೂಕುವ ಎಂಜಿನ್ನುಗಳನ್ನು ಜೋಡಿಸಿಕೊಳ್ಳುವುದನ್ನು ನಮ್ಮ ಓದುಗರು ನೋಡಿರಬಹುದು. ಇಡೀ ರೈಲನ್ನು ಹಿಂದಿನಿಂದ ನೂಕಿದರೂ ಅದು ಮಡಚಿಕೊಳ್ಳುವುದಿಲ್ಲವೇಕೆ? ಹಳಿ ಹಿಡಿದುಕೊಂಡಿರುತ್ತದೆ. ರಸ್ತೆಗೆ ಹಳಿಯಿಲ್ಲ. ಅಲ್ಲಿ ಗಾಡಿಯವನ ಕಣ್ಣೇ ಹಳಿಯ ಕೆಲಸ ಮಾಡಬೇಕು.

ಘೋಟಿಯಿಂದ ನಾಶಿಕದ ಕಡೆ ಹೋಗುವಾಗ ಸಿಗುವ ದೇವಳಾಲಿ ಈ ವಿದ್ಯೆಯ ದೊಡ್ಡ ಪಾಠಶಾಲೆ. ಎರಡನೆಯ ಮಹಾಯುದ್ಧದ ಕಾಲದಿಂದ ಸೇನೆಯ ಫಿರಂಗಿ ವಿದ್ಯಾಲಯ ಇಲ್ಲಿದೆ. ಅದಕ್ಕೂ ಮೊದಲು, 1935ರ ಜನವರಿಯಲ್ಲಿ, ಭಾರತೀಯರದೇ ಆದ ಮೊದಲ ಫೀಲ್ಡ್ ಫಿರಂಗಿ ದಳ ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿ. ಕುದುರೆ ಕಟ್ಟಿದ ಫಿರಂಗಿಯೆಂದರೆ ಮೂರು ಜೋಡಿ, ಆರು ಕುದುರೆ. ಪ್ರತಿ ಜೋಡಿಯ ಎಡಗಡೆಯ ಕುದುರೆಯ ಮೇಲೆ ಒಬ್ಬ ಸವಾರ. ಅವುಗಳ ಹಿಂದೆ ಮದ್ದುಗುಂಡಿನ ಎರಡು ಚಕ್ರದ ಪೆಟ್ಟಿಗೆ, ಅದರ ಕೊಂಡಿಗೆ ಫಿರಂಗಿ. ಆರು ಕುದುರೆಗಳನ್ನು ಏಕಕಾಲಕ್ಕೆ ಹಿಂದೆ ನಡೆಸಿ ಇಷ್ಟನ್ನೂ ನೇರವಾಗಿ ಸರಿಸುವುದು ಆಗದ ಮಾತು. ದೊಡ್ಡದಾಗಿ ಸುತ್ತು ಹಾಕಿ ತಿರುಗಬೇಕು. ಜಾಗವಿಲ್ಲದಿದ್ದರೆ ಕೊಂಡಿ ಕಳಚಿ ಕೈಯಿಂದ ನೂಕಬೇಕು.

ಕುದುರೆ ಹೋಗಿ ಮೋಟಾರು ಬಂದಾಗ ಕಷ್ಟ ಕಡಿಮೆಯಾಯಿತೆಂದುಕೊಂಡರೆ ತಪ್ಪು. ಯುದ್ಧಕಾಲದ ಹೆಸರಾಂತ 25 ಪೌಂಡಿನ ಫಿರಂಗಿಯನ್ನು ಎಳೆಯುವ ಗಾಡಿಯ ಹಿಂದೆ ಗುಂಡಿನ ಪೆಟ್ಟಿಗೆ, ಅದರ ಹಿಂದೆ ಫಿರಂಗಿ, ಹೀಗೆ ಎರಡು ಕೀಲು. ಒಂದು ಕೀಲಿದ್ದರೆ ಚಕ್ರವನ್ನು ಎಡಕ್ಕೆ ತಿರುಗಿಸಿದಾಗ ಹಿಂದಿನದು ಬಲಕ್ಕೆ ಹೋಗುತ್ತದೆ. ಎರಡಿದ್ದರೆ ಅದೂ ತಲೆಕೆಳಗು. ಈ ಫಿರಂಗಿಗಳು ಬಹುಕಾಲ ಬಾಳಿದವು. ದೆಹಲಿಯ ಗಣರಾಜ್ಯೋತ್ಸವದ 21 ಸುತ್ತಿನ ಗೌರವ ಗುಂಡುಗಳನ್ನು ಅವೇ ಹಾರಿಸುತ್ತಿದ್ದವು; 2023ರಲ್ಲಿ ದೇಶದಲ್ಲೇ ತಯಾರಾದ 105 ಮಿ.ಮೀ. ಫಿರಂಗಿ ಆ ಸ್ಥಾನಕ್ಕೆ ಬಂತು.

ಈಗ ಕುದುರೆಯ ಟ್ರೈಲರಿಗೆ ಬಂದರೆ, ಅದೂ ಫಿರಂಗಿಯ ತಮ್ಮನೇ. ಒಂದೇ ಕೀಲು. ಕಲಿಸುವವರು ಹೇಳುವ ಉಪಾಯ ಸರಳವಾಗಿದೆ. ಸ್ಟಿಯರಿಂಗಿನ ಮೇಲ್ಭಾಗವನ್ನು ಬಿಟ್ಟು ಕೆಳಭಾಗವನ್ನು ಹಿಡಿಯಿರಿ. ಕೈ ಬಲಕ್ಕೆ ಸರಿದರೆ ಟ್ರೈಲರಿನ ಹಿಂಬದಿಯೂ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಬೆರಳಿನಷ್ಟು ತಿರುಗಿಸಿ ಕಾಯಬೇಕು, ಹಿಂದಿನದು ತಡವಾಗಿ ಕೇಳಿಸಿಕೊಳ್ಳುತ್ತದೆ. ಗಿಡ್ಡ ಟ್ರೈಲರು ಬೇಗ ಮಡಚುತ್ತದೆ, ಉದ್ದನೆಯದು ನಿಧಾನ. ಹೊಸಬರಿಗೆ ಉದ್ದನೆಯದೇ ಮೇಲು. ಮಡಚಿತೆಂದು ಕಂಡೊಡನೆ ಹಟ ಹಿಡಿಯದೆ ಮುಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಂಡು ಮತ್ತೆ ಮೊದಲಿನಿಂದ ಹೊರಡಬೇಕು. ಖಾಲಿ ಗಾಡಿಯಲ್ಲಿ, ಬಯಲಿನಲ್ಲಿ, ನಾಲ್ಕು ಕಲ್ಲುಗಳನ್ನಿಟ್ಟು ಕಲಿತ ಮೇಲೆಯೇ ಕುದುರೆಯನ್ನು ಹತ್ತಿಸುವುದು.

ಫಿರಂಗಿಗೂ ಇದಕ್ಕೂ ಇರುವ ಅಂತರವೆಂದರೆ ಒಳಗಿರುವ ಜೀವ. ಪಂದ್ಯದ ಕುದುರೆಯೆಂದರೆ ಸುಮಾರು 450ರಿಂದ 500 ಕಿಲೋ ತೂಕ, ಅದೂ ನಿಂತೇ ಇರುವ ತೂಕ. ದಾರಿ ಕಾಣದ ಅದು ಪ್ರತಿ ತಿರುವಿನಲ್ಲೂ ಕಾಲಿನಿಂದಲೇ ತೋಲ ಹಿಡಿಯಬೇಕು. ಥಟ್ಟನೆ ಬ್ರೇಕು ಹಾಕಿದರೆ ಎದೆ ಬಡಿಯುತ್ತದೆ. ಒಂದು ಸಲ ಹೆದರಿದ ಕುದುರೆ ಮರುದಿನ ಗಾಡಿಯ ಹಲಗೆಯ ಮೇಲೆ ಕಾಲಿಡಲೊಲ್ಲದು. ಎರಡು ಕುದುರೆಯ ಗಾಡಿಯಲ್ಲಿ ಒಂದನ್ನೇ ಒಯ್ಯುವುದಾದರೆ, ರಸ್ತೆಯ ಎಡಬದಿಯಲ್ಲಿ ಓಡುವ ನಮ್ಮಲ್ಲಿ, ಅದನ್ನು ಬಲಗಡೆ ನಿಲ್ಲಿಸಬೇಕು. ರಸ್ತೆಯ ನಡು ಉಬ್ಬಿ ಅಂಚು ಇಳಿದಿರುವುದರಿಂದ ಗಾಡಿ ಎಡಕ್ಕೆ ವಾಲದಂತೆ. ಘಾಟಿ ಇಳಿಯುವಾಗ ಬ್ರೇಕನ್ನೇ ನಂಬದೆ ಮೊದಲೇ ಕೆಳಗಿನ ಗೇರಿಗೆ ಬರಬೇಕು.

2025ರ ಜೂನ್ 5ರಿಂದ ಸಮೃದ್ಧಿ ಮಹಾಮಾರ್ಗದ ಕೊನೆಯ ತುಂಡೂ ತೆರೆದು, ಇಗತಪುರಿಯ ಬಳಿ ಸುಮಾರು 8 ಕಿಲೋಮೀಟರ್ ಉದ್ದದ ಸುರಂಗದಲ್ಲಿ ವಾಹನಗಳು ಘಾಟಿಯ ನೆನಪೇ ಇಲ್ಲದಂತೆ ಸಾಗುತ್ತಿವೆ. ಹಳೆಯ ದಾರಿಯಲ್ಲಿ ಹೋಗುವವರು ಘೋಟಿಯಲ್ಲಿ ಚಹಾಕ್ಕೆ ಇಳಿದಾಗ ಯಾರಾದರೂ ಪ್ರಾಣಿಗಳನ್ನು ಹೇರಿದ ಗಾಡಿಯನ್ನು ಹಿಂದಕ್ಕೆ ಸರಿಸುತ್ತಿರುವುದು ಕಂಡರೆ, ಹಿಂಬದಿಗೆ ಹೋಗಿ ನಿಂತು ಕೈ ಬೀಸಬೇಡಿ. ಚಾಲಕನ ಕನ್ನಡಿಯಲ್ಲಿ ನಿಮ್ಮ ಮುಖ ಕಾಣುವಷ್ಟು ಪಕ್ಕಕ್ಕೆ ನಿಂತು, ಮಕ್ಕಳನ್ನು ಕೈಹಿಡಿದುಕೊಂಡಿರಿ.