ತಕ್ಕಡಿಗೆ ಗೊತ್ತಿಲ್ಲದ ಲೆಕ್ಕ

ಜಿಮ್ಮಿಗೆ ಹೋಗ್ತಿದೀನಿ ಅಂದ ಕೂಡಲೇ ನಮ್ಮ ಜನ ಕೇಳೋ ಮೊದಲ ಪ್ರಶ್ನೆ, "ಎಷ್ಟು ಕೆಜಿ ಇಳಿದ್ರಿ?" ಆರು ತಿಂಗಳು ಬೆವರು ಸುರಿಸಿದೀನಿ, ಪ್ಯಾಂಟು ಬೆಲ್ಟ್ ಇಲ್ಲದೆ ಸೊಂಟದಲ್ಲಿ ನಿಲ್ಲಲ್ಲ, ಆದರೆ ತೂಕ ಇಳಿದಿರೋದು ಒಂದೇ ಕೆಜಿ ಅಂದರೆ ಕೇಳಿದವರ ಮುಖದಲ್ಲಿ 'ಅಯ್ಯೋ ಪಾಪ' ಅನ್ನೋ ಭಾವ. ಈ ತಕ್ಕಡಿಗೆ ನಮ್ಮ ಮೈಯ ಮೇಲೆ ಇಷ್ಟೊಂದು ಅಧಿಕಾರ ಕೊಟ್ಟವರು ಯಾರು ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಕಥೆ ಇದು.

ಮೂಲಪುರುಷ ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಆತ ವೈದ್ಯನಲ್ಲ, ಖಗೋಳ ಮತ್ತು ಗಣಿತದ ಪಂಡಿತ. 1830ರ ದಶಕದಲ್ಲಿ 'ಸರಾಸರಿ ಮನುಷ್ಯ'ನನ್ನು ಹುಡುಕುತ್ತಿದ್ದಾಗ, ವಯಸ್ಕರ ತೂಕ ಹೆಚ್ಚುಕಮ್ಮಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಕಂಡುಕೊಂಡ. ಕೊಬ್ಬಿನ ವಿಷಯ ಅವನ ತಲೆಯಲ್ಲೇ ಇರಲಿಲ್ಲ. ಆಮೇಲೆ ವಿಮಾ ಕಂಪನಿಗಳು ಎತ್ತರ-ತೂಕದ ಪಟ್ಟಿ ಮಾಡಿಕೊಂಡವು. 1972ರಲ್ಲಿ ಅಮೆರಿಕದ ಆ್ಯನ್ಸೆಲ್ ಕೀಸ್, ಕೆಟಲೆಯ ಸೂತ್ರಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೊಸ ಹೆಸರಿಟ್ಟ. ಇವತ್ತು ಯಾವ ಕ್ಲಿನಿಕ್ಕಿಗೆ ಹೋದರೂ ಚೀಟಿಯ ಮೇಲೆ ಬರೆಯುವ ಬಿಎಂಐ ಅದೇ.

ಮಜಾ ಏನೆಂದರೆ, ಈ ಪಟ್ಟಿಗಳ ಬಣ್ಣ 1942ರಲ್ಲೇ ಬಯಲಾಗಿತ್ತು. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ ಮುಳುಗುಗಾರರ ಬಗ್ಗೆ ಕೆಲಸ ಮಾಡುತ್ತಿದ್ದವನು. ಸಾರಜನಕ ನೀರಿಗಿಂತ ಕೊಬ್ಬಿನಲ್ಲಿ ಸುಮಾರು ಐದು ಪಟ್ಟು ಹೆಚ್ಚು ಕರಗುತ್ತದೆ. ಹಾಗಾಗಿ ಆಳಕ್ಕೆ ಇಳಿಯುವವನ ಮೈಯಲ್ಲಿ ಕೊಬ್ಬೆಷ್ಟಿದೆ ಅನ್ನೋದು ಅವನಿಗೆ ಜೀವನ್ಮರಣದ ಪ್ರಶ್ನೆ. ಅಳೆಯೋದು ಹೇಗೆ? ಆರ್ಕಿಮಿಡೀಸನ ಹಳೇ ಉಪಾಯ: ಒಮ್ಮೆ ಗಾಳಿಯಲ್ಲಿ ತೂಗು, ಇನ್ನೊಮ್ಮೆ ನೀರಿನೊಳಗೆ ಮುಳುಗಿಸಿ ತೂಗು, ಶ್ವಾಸಕೋಶದ ಗಾಳಿಯ ಲೆಕ್ಕ ಕಳೆ. ಮಜ್ಜಿಗೆ ಮೇಲೆ ಬೆಣ್ಣೆ ತೇಲುತ್ತಲ್ಲ, ಅಷ್ಟೇ ವಿಜ್ಞಾನ. ಕೊಬ್ಬು ನೀರಿಗಿಂತ ಹಗುರ, ಸ್ನಾಯು-ಮೂಳೆ ಭಾರ. ನೀರೊಳಗೆ ಹೆಚ್ಚು ತೂಗುವವನ ಮೈಯಲ್ಲಿ ಕೊಬ್ಬು ಕಡಿಮೆ.

ಬೆಂಕಿ ಮತ್ತು ಅವನ ಸಂಗಡಿಗರು 25 ಜನ ವೃತ್ತಿಪರ ಫುಟ್ಬಾಲ್ ಆಟಗಾರರನ್ನು ಹೀಗೆ ಮುಳುಗಿಸಿ ತೂಗಿದರು. ಎತ್ತರ-ತೂಕದ ಪಟ್ಟಿಯ ಪ್ರಕಾರ ಅವರಲ್ಲಿ 17 ಜನ ಸೇನೆಗೆ ನಾಲಾಯಕ್ಕು, ಕಾರಣ ಅತಿತೂಕ! ನೀರಿನ ತಕ್ಕಡಿ ಹೇಳಿದ್ದೇ ಬೇರೆ. ಆ 17ರಲ್ಲಿ ಹೆಚ್ಚಿನವರ ಮೈಯಲ್ಲಿ ಕೊಬ್ಬು ಕಡಿಮೆಯೇ ಇತ್ತು. ಭಾರವೆಲ್ಲ ಸ್ನಾಯುವಿನದ್ದು. ಯುದ್ಧಕಾಲದಲ್ಲಿ ದೇಶದ ಗಟ್ಟಿಮುಟ್ಟು ಗಂಡಸರನ್ನೇ ಒಂದು ಕಾಗದದ ಪಟ್ಟಿ 'ಬೇಡ' ಅಂದಿತ್ತು.

ಪಂಡಿತರು ಇಷ್ಟೆಲ್ಲ ಒದ್ದಾಡುವ ಮೊದಲೇ ಗರಡಿಯವರಿಗೆ ಇದು ಗೊತ್ತಿತ್ತು ಅಂತ ನನ್ನ ಗುಮಾನಿ. 1904-05ರಲ್ಲಿ ಯುಜೀನ್ ಸ್ಯಾಂಡೋ ಭಾರತಕ್ಕೆ ಬಂದು ಮೈಕಟ್ಟು ತೋರಿಸಿ ಹೋದ ಮೇಲೆ ಇಲ್ಲಿ ಹೊಸ ಗಾಳಿ ಬೀಸಿತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದ ಕೆ.ವಿ. ಅಯ್ಯರ್ 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಹೌದು, 'ಶಾಂತಲಾ', 'ರೂಪದರ್ಶಿ' ಬರೆದ, ಕೈಲಾಸಂ ಅವರ ಗೆಳೆಯರಾದ ಅದೇ ಅಯ್ಯರ್. ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಹೇಳಿಕೊಟ್ಟವರು. ಆ ಕಾಲದ ವ್ಯಾಯಾಮಪಟುಗಳ ಅಳತೆಗೋಲು ಟೇಪು, ಕನ್ನಡಿ ಮತ್ತು ಫೋಟೋ. ಎದೆ ಎಷ್ಟಿಂಚು, ಸೊಂಟ ಎಷ್ಟಿಂಚು? ಎದೆ ಏರಿ ಸೊಂಟ ಇಳಿದರೆ ಕೆಲಸ ಆಗ್ತಿದೆ ಅಂತ ಅರ್ಥ. ಕೊಬ್ಬು ಕರಗಿಸಿ ಸ್ನಾಯು ಬೆಳೆಸೋದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಾ?

ಇದೆಲ್ಲ ಮೈಕಟ್ಟಿನ ಷೋಕಿ ಅಂತ ತಳ್ಳಿಹಾಕುವಂತಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು 9.1%, ನಮ್ಮ ಯಾಜ್ಞಿಕ್ ಮೈಯಲ್ಲಿ 21.2%. ನೋಡೋಕೆ ಸಣ್ಣ, ಒಳಗೆ ಕೊಬ್ಬು: ಇದು ನಮ್ಮ ಉಪಖಂಡದ ಮೈ. ಆ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಅಪ್ಪ. ಕಡ್ಡಿಯಂಥ ಕೈಕಾಲು, ಸಣ್ಣ ಹೊಟ್ಟೆ, ನಲವತ್ತೆಂಟಕ್ಕೇ ಸಕ್ಕರೆ ಕಾಯಿಲೆ. "ದಪ್ಪ ಇಲ್ವಲ್ಲ, ಇವರಿಗೆ ಹೇಗೆ ಬಂತು?" ಅಂತ ಅಮ್ಮ ಕೊನೆಯವರೆಗೂ ಕೇಳ್ತಾನೇ ಇದ್ದಳು. ಉಂಡ ಅನ್ನದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳೋದು ಸ್ನಾಯು. ಉಗ್ರಾಣವೇ ಚಿಕ್ಕದಾದರೆ ಮೂಟೆ ಎಲ್ಲಿಡೋದು? ಅಪ್ಪನಿಗೆ ಬೇಕಿದ್ದದ್ದು ತೂಕ ಇಳಿಸೋದಲ್ಲ, ಅದಲುಬದಲು ಮಾಡೋದು.

ಅದು ಸಾಧ್ಯವಾ? ಕೊಬ್ಬು ಸ್ನಾಯುವಾಗಿ ಬದಲಾಗಲ್ಲ, ಅವೆರಡೂ ಬೇರೆ ಬೇರೆ ಖಾತೆ. ಆದರೆ ಒಂದರಿಂದ ತೆಗೆಯುತ್ತಲೇ ಇನ್ನೊಂದಕ್ಕೆ ಕಟ್ಟಬಹುದು. ಅದಕ್ಕೆ ಬೇಕಾದ ಮೊದಲ ಸಾಮಾನು, ದಿನೇದಿನೇ ಹೆಚ್ಚುವ ಭಾರ. ಇದನ್ನು ಆಸ್ಪತ್ರೆಯೊಳಗೆ ತಂದವನು ಥಾಮಸ್ ಡಿಲಾರ್ಮ್ ಎಂಬ ಅಮೆರಿಕನ್ ಸೇನಾ ವೈದ್ಯ. 1945ರಲ್ಲಿ, ಯುದ್ಧದಲ್ಲಿ ಕಾಲು ಮುರಿದುಕೊಂಡು ಬಂದ ಸೈನಿಕರಿಗೆ ಮೆಲ್ಲಮೆಲ್ಲನೆ ಭಾರ ಏರಿಸುತ್ತಾ ಎತ್ತಿಸಿದ. ಎರಡನೆಯದು ಪ್ರೋಟೀನು. 2016ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 40 ದಡೂತಿ ಯುವಕರಿಗೆ ನಾಲ್ಕು ವಾರ ಊಟ 40% ಕಡಿಮೆ ಮಾಡಿ, ವಾರಕ್ಕೆ ಆರು ದಿನ ಕಸರತ್ತು ಮಾಡಿಸಿದರು. ಪ್ರತಿ ಕೆಜಿ ತೂಕಕ್ಕೆ 2.4 ಗ್ರಾಂ ಪ್ರೋಟೀನ್ ತಿಂದವರಲ್ಲಿ ಕೊಬ್ಬು 4.8 ಕೆಜಿ ಇಳಿದು, ಕೊಬ್ಬಲ್ಲದ ಭಾಗ 1.2 ಕೆಜಿ ಏರಿತು. 1.2 ಗ್ರಾಂ ತಿಂದವರಲ್ಲಿ ಕೊಬ್ಬು 3.5 ಕೆಜಿ ಇಳಿಯಿತು, ಸ್ನಾಯು ಏರದಿದ್ದರೂ ಕರಗಲಿಲ್ಲ.

ಮೊದಲ ಗುಂಪಿನ ಲೆಕ್ಕ ನಮ್ಮ ಅಡುಗೆಮನೆಗೆ ಕಷ್ಟ. 60 ಕೆಜಿಯವನಿಗೆ ದಿನಕ್ಕೆ 144 ಗ್ರಾಂ, ಮೊಟ್ಟೆಯಲ್ಲಿ ಹೇಳೋದಾದರೆ ಇಪ್ಪತ್ತನಾಲ್ಕು! ಆದರೆ ಎರಡನೇ ಗುಂಪಿನ 72 ಗ್ರಾಂ ಅಂಥಾ ದೂರದ ಮಾತಲ್ಲ. ಅನ್ನ ಒಂದು ಸೌಟು ಕಡಿಮೆ, ಹುರುಳಿ, ಕಡಲೆ, ಹೆಸರುಕಾಳು, ಮೊಸರು, ಮೊಟ್ಟೆ ಅಷ್ಟಷ್ಟು ಹೆಚ್ಚು, ಜೊತೆಗೆ ಭಾರ ಎತ್ತೋ ಅಭ್ಯಾಸ. ಮಧುಮೇಹ, ಮೂತ್ರಪಿಂಡದ ತೊಂದರೆ ಇರೋರು ಡಾಕ್ಟರನ್ನ ಕೇಳಿಯೇ ಶುರು ಮಾಡಿ.

ಅಳೆಯೋದಕ್ಕೆ ಬೆಂಕಿಯ ನೀರಿನ ತೊಟ್ಟಿ ಬೇಡ. ಟೈಲರ್ ಹತ್ತಿರ ಇರೋ ಟೇಪು ಸಾಕು. ಅದಕ್ಕೆ ತಕ್ಕಡಿಗಿಂತ ಬುದ್ಧಿ ಜಾಸ್ತಿ.